ಹೆಪ್ಪುಗಟ್ಟದ ಊರಿನವರು ಹಿಮಕ್ಕೆ ಹೆಸರಿಟ್ಟ ಬಗೆ

ಮಣ್ಣಗುಡ್ಡದಲ್ಲಿ ನೀರು ತಾನಾಗಿ ಹೆಪ್ಪುಗಟ್ಟಿದ್ದನ್ನು ಕಂಡವರು ಯಾರೂ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಮಳೆಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಹನಿ, ಜಡಿ, ಸೋನೆ, ಜಿಟಿಜಿಟಿ, ಎರಚಲು, ಮುಸಲಧಾರೆ ಎನ್ನುತ್ತೇವೆ. ಅಡಿಗೆ ಅಡಿಗೆ ಒಂದೊಂದು ನಕ್ಷತ್ರದ ಮಳೆ ಎಂದೂ ಲೆಕ್ಕ ಇಡುತ್ತೇವೆ. ಆದರೆ ಹಿಮ, ಮಂಜುಗಡ್ಡೆ, ಹಿಮನದಿ ಎಂಬ ಮಾತುಗಳು ನಮಗೆ ಪಾಠಪುಸ್ತಕದಿಂದ ಬಂದವು. ನಮ್ಮ ಶಾಲೆಯ ಭೂಗೋಳದ ತರಗತಿಯಲ್ಲಿ ಹಿಮನದಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ ಮಕ್ಕಳಲ್ಲಿ ಹೆಚ್ಚಿನವರು ಮನೆಯ ಫ್ರಿಜ್ಜಿನ ಆಚೆಗೆ ಮಂಜುಗಡ್ಡೆಯನ್ನು ನೋಡಿರಲಿಲ್ಲ. ನೋಡದ ವಸ್ತುವಿಗೆ ಒಂದು ಭಾಷೆ ಹೆಸರನ್ನು ಹೇಗೆ ಹೊಂದಿಸಿಕೊಳ್ಳುತ್ತದೆ? ಆ ಹೆಸರು ಸರಿಯಾಗಿದ್ದರೆ, ಇಲ್ಲದಿದ್ದರೆ, ಯಾರಿಗೆ ಏನು ವ್ಯತ್ಯಾಸ? ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಕೇಳಿದಾಗ ನಾನು ಆರಿಸಿಕೊಂಡ ವಿಷಯ ಇದು. ಈ ಕಥೆಯಲ್ಲಿ ನಮ್ಮ ಮಂಗಳೂರಿಗೂ ಒಂದು ದೊಡ್ಡ ಪಾಲು ಇದೆ ಎಂಬುದು ಅದಕ್ಕೆ ಮತ್ತೊಂದು ಕಾರಣ.

ನಮ್ಮವೇ ಆದ ಪದಗಳು

ಕನ್ನಡಕ್ಕೆ ಮಂಜಿನ ಲೋಕದ ಪರಿಚಯವೇ ಇರಲಿಲ್ಲ ಎನ್ನುವಂತಿಲ್ಲ. ಆಕಾಶದಿಂದ ಬೀಳುವ ಒಂದು ಬಗೆಯ ಮಂಜುಗಡ್ಡೆ ಕನ್ನಡ ನಾಡಿಗೆ ಮೊದಲಿನಿಂದಲೂ ಬರುತ್ತಿತ್ತು. ಅದೇ ಆಲಿಕಲ್ಲು. 'ಆಲಿ' ಎಂಬುದು ದ್ರಾವಿಡ ಭಾಷೆಗಳ ಹಳೆಯ ಆಸ್ತಿ. ತಮಿಳಿನಲ್ಲಿ ಅದು 'ಆಲಂಗಟ್ಟಿ', ಅಂದರೆ ಗಟ್ಟಿಯಾದ ಉಂಡೆ. ಮಲಯಾಳದಲ್ಲಿ 'ಆಲಿಪ್ಪಳಂ', ಅಂದರೆ ಆಲಿಹಣ್ಣು. ಒಂದೇ ವಸ್ತುವನ್ನು ಒಬ್ಬರು ಉಂಡೆ ಎಂದರು, ಒಬ್ಬರು ಹಣ್ಣು ಎಂದರು, ನಾವು ಕಲ್ಲು ಎಂದೆವು. ಬಯಲುಸೀಮೆಯ ರೈತನ ಬೆಳೆಯ ಮೇಲೆ ಅದು ಬಿದ್ದ ರೀತಿಯನ್ನು ನೆನೆದರೆ ಕಲ್ಲು ಎಂದದ್ದೇ ಸರಿ ಎನಿಸುತ್ತದೆ. ಹಳೆ ಮೈಸೂರಿನ ಕಡೆ ಇದನ್ನೇ 'ಆಣೆಕಲ್ಲು', 'ಆನೆಕಲ್ಲು' ಎನ್ನುವವರೂ ಇದ್ದಾರೆ.

ಬೀದರ್, ಕಲಬುರಗಿ, ವಿಜಯಪುರದ ಕಡೆ ಬೇಸಿಗೆಯ ಆಲಿಕಲ್ಲು ಮಳೆ ಪರಿಚಿತ. ಮಂಗಳೂರು ನಗರದಲ್ಲಿ ಅದು ಅಪರೂಪ. ಇದಕ್ಕೆ ಕಾರಣ ಸರಳ. ಗುಡುಗು ಮೋಡದ ಒಳಗೆ ಗಾಳಿ ರಭಸದಿಂದ ಮೇಲಕ್ಕೆ ಏರುವಾಗ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ದ್ರವವಾಗಿಯೇ ಉಳಿದಿರುತ್ತವೆ. ಅಲ್ಲಿರುವ ಸಣ್ಣ ಮಂಜಿನ ಕಾಳಿಗೆ ಅವು ತಗುಲಿದ ಕೂಡಲೇ ಹೆಪ್ಪುಗಟ್ಟಿ ಪದರದ ಮೇಲೆ ಪದರ ಕೂಡಿಕೊಳ್ಳುತ್ತದೆ. ಮೇಲೇರುವ ಗಾಳಿ ಹೊರಲಾರದಷ್ಟು ಭಾರವಾದಾಗ ಕಲ್ಲು ಕೆಳಗೆ ಬೀಳುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೊನ್ನೆ ಡಿಗ್ರಿಯ ಮಟ್ಟ ಇರುವುದು ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಬೀದರ್ ಇರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದ ಪ್ರಸ್ಥಭೂಮಿಯಲ್ಲಿ. ಬೇಸಿಗೆಯ ಗಾಳಿ ಅಲ್ಲಿ ಒಣ. ಮಂಗಳೂರಿನಲ್ಲಾದರೋ ಕಲ್ಲು ಕಡಲಮಟ್ಟದವರೆಗೂ ಬೆಚ್ಚಗಿನ ತೇವದ ಗಾಳಿಯಲ್ಲಿ ಇಳಿದು ಬರಬೇಕು. ದಾರಿಯಲ್ಲೇ ಕರಗಿ ನಮಗೆ ದಪ್ಪ ಹನಿಯ ಮಳೆಯಾಗಿ ತಲುಪುತ್ತದೆ.

ಇನ್ನು ಇಬ್ಬನಿ, ಮಂಜು, ಕಾವಳ. ಇಬ್ಬನಿಯಲ್ಲಿ ಹನಿ ಇದೆ. ಹಳಗನ್ನಡದ 'ಪನಿ' ನಮ್ಮಲ್ಲಿ 'ಹನಿ' ಆಗಿ ನೀರಿನ ಬಿಂದುವಾಗಿ ಉಳಿಯಿತು. ತಮಿಳಿನ 'ಪನಿ' ಇಬ್ಬನಿ, ಮಂಜು, ಹಿಮ ಮೂರನ್ನೂ ಸೂಚಿಸುತ್ತದೆ. ಮಲಯಾಳದ 'ಪನಿ' ಜ್ವರವೂ ಹೌದು. ಜ್ವರದ ಮೊದಲಿಗೆ ಬರುವ ನಡುಕದ ಚಳಿಯನ್ನು ನೆನೆದರೆ ಅದರ ದಾರಿ ಊಹಿಸಬಹುದು. ಒಂದೇ ಬೇರಿನ ಪದ ಊರಿಂದೂರಿಗೆ ಹೋಗುವಾಗ ಅಲ್ಲಿಯ ಹವೆಗೆ ತಕ್ಕಂತೆ ಅರ್ಥ ಬದಲಿಸಿಕೊಂಡಿತು. ಕನ್ನಡದ 'ಮಂಜು' ಹೀಗೆಯೇ ಎಲ್ಲ ಹೊರೆಯನ್ನೂ ಹೊತ್ತ ಪದ. ಘಟ್ಟದ ದಾರಿಯಲ್ಲಿ ಎದುರಿನ ವಾಹನ ಕಾಣದಂತೆ ಮಾಡುವುದೂ ಮಂಜು, ಹುಲ್ಲಿನ ತುದಿಯಲ್ಲಿರುವುದೂ ಮಂಜು, ಹಿಮಾಲಯದ ತಲೆಯ ಮೇಲಿರುವುದೂ ಮಂಜು. ದಿನನಿತ್ಯದ ಮಾತಿಗೆ ಇದು ಸಾಕು. ವಿಜ್ಞಾನಕ್ಕೆ ಸಾಲದು. ಒಂದು ಕಿಲೋಮೀಟರಿಗಿಂತ ಹತ್ತಿರದ ವಸ್ತುವೂ ಕಾಣದಂತಾದರೆ ಹವಾಮಾನ ಇಲಾಖೆಯವರು ಅದನ್ನು ಮಂಜಿನ ವರ್ಗಕ್ಕೆ ಸೇರಿಸುತ್ತಾರೆ. ಅದಕ್ಕಿಂತ ತೆಳುವಾದದ್ದಕ್ಕೆ ಬೇರೆ ಹೆಸರು. ವಿಮಾನ ಇಳಿಸುವವರಿಗೆ ಆ ಎರಡರ ನಡುವಿನ ಗೆರೆಯೇ ಮುಖ್ಯ.

ಸಂಸ್ಕೃತದ ಏಳು ಹೆಸರು

ಪದ ಸಾಲದಿದ್ದಾಗ ನಮ್ಮ ಹಿರಿಯರು ಕೈಚಾಚಿದ್ದು ಸಂಸ್ಕೃತದ ಕಡೆಗೆ. ಅಲ್ಲಿ ಪದಗಳಿಗೆ ಕೊರತೆ ಇರಲಿಲ್ಲ. ಅಮರಕೋಶ ಒಂದೇ ಗುಂಪಿನಲ್ಲಿ ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯ, ಮಿಹಿಕಾ ಎಂಬ ಏಳು ಹೆಸರುಗಳನ್ನು ಕೊಡುತ್ತದೆ. ಹಿಮದ ದೊಡ್ಡ ರಾಶಿಗೆ 'ಹಿಮಾನಿ' ಎಂಬ ಬೇರೆ ಪದವೇ ಇದೆ. ಆಲಿಕಲ್ಲಿಗೆ 'ಕರಕ'. ನಮ್ಮ ಪಕ್ಕದ ಮಣಿಪಾಲದಿಂದ ಬರುವ ಮಾಸಪತ್ರಿಕೆಯ ಹೆಸರು 'ತುಷಾರ' ಎಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ.

ಆದರೆ ಕೋಶದ ಈ ಏಳೂ ಪದಗಳು ಪರ್ಯಾಯಗಳು, ಅಂದರೆ ಒಂದರ ಬದಲು ಇನ್ನೊಂದನ್ನು ಬಳಸಬಹುದಾದವು. ಕವಿಗೆ ಇದು ಸಂಪತ್ತು; ಛಂದಸ್ಸಿಗೆ ಹೊಂದುವುದನ್ನು ಆರಿಸಿಕೊಳ್ಳಬಹುದು. ವಿಜ್ಞಾನದ ಅಗತ್ಯ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು, ಒಂದು ಹೆಸರಿಗೆ ಒಂದೇ ವಸ್ತು ಇರಬೇಕು. ಹಾಗಾಗಿ ಸಂಸ್ಕೃತದ ಭಂಡಾರ ತೆರೆದೇ ಇದ್ದರೂ, ಯಾವ ಪದವನ್ನು ಯಾವುದಕ್ಕೆ ಮೀಸಲಿಡಬೇಕು ಎಂದು ಯಾರಾದರೂ ಕುಳಿತು ತೀರ್ಮಾನಿಸುವ ಕೆಲಸ ಉಳಿದೇ ಇತ್ತು.

ಬಲ್ಮಠದ ಅಚ್ಚುಮನೆ

ಈ ಹಂತದಲ್ಲಿ ಮಂಗಳೂರು ಕಥೆಯೊಳಗೆ ಬರುತ್ತದೆ. 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದರು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಮಿಷನ್ನಿನವರಲ್ಲಿ ಅನೇಕರು ಅಲ್ಲಿಂದಲೂ ದಕ್ಷಿಣ ಜರ್ಮನಿಯಿಂದಲೂ ಬಂದವರು. ಚಳಿಗಾಲವಿಡೀ ಹಿಮ ಕಾಣುವ ಸೀಮೆಯವರು ಹಿಮವೇ ಬೀಳದ ಸೀಮೆಯ ಭಾಷೆಯನ್ನು ಕಲಿಯಲು ಕುಳಿತರು. 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇಲ್ಲಿಂದಲೇ ಹೊರಟಿತು.

ಬೈಬಲ್ಲಿನಲ್ಲಿ ಹಿಮದ ಬಿಳುಪಿನ ಹೋಲಿಕೆ ಮತ್ತೆ ಮತ್ತೆ ಬರುತ್ತದೆ. ಹಿಮ ಕಾಣದ ಓದುಗನಿಗೆ ಅದನ್ನು ಹೇಗೆ ತಿಳಿಸುವುದು ಎಂಬುದು ಅನುವಾದಕರ ನಿಜವಾದ ತೊಡಕು. ಬಿಳುಪು ತಾನೇ ಬೇಕಾದ್ದು, ಹಾಲಿಗೋ ಹತ್ತಿಗೋ ಹೋಲಿಸಬಹುದಿತ್ತಲ್ಲ ಎನ್ನಬಹುದು. ಕನ್ನಡ ಬೈಬಲ್ಲು ಉಳಿಸಿಕೊಂಡದ್ದು 'ಹಿಮ' ಎಂಬ ಪದವನ್ನು. ಕಾವ್ಯ ಪುರಾಣಗಳಲ್ಲಿ ಹಿಮಾಲಯದ ಹೆಸರಿನೊಂದಿಗೆ ಬರುತ್ತಿದ್ದ ಪದ ಹೀಗೆ ಸಾಮಾನ್ಯ ಓದುಗರ ಪ್ರಾರ್ಥನೆಯ ಮಾತಿಗೂ ಇಳಿಯಿತು.

1894ರಲ್ಲಿ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಾಸೆಲ್ ಮಿಷನ್ನಿನಿಂದ ಮಂಗಳೂರಿನಲ್ಲೇ ಪ್ರಕಟವಾಯಿತು. ಸುಮಾರು 70 ಸಾವಿರ ಪದಗಳು, ಸಾವಿರದ ಏಳುನೂರಕ್ಕೂ ಮಿಕ್ಕಿದ ಪುಟಗಳು. ಕಿಟೆಲ್ ಉತ್ತರ ಜರ್ಮನಿಯ ಕಡಲತೀರದ ಪ್ರದೇಶದಲ್ಲಿ 1832ರಲ್ಲಿ ಹುಟ್ಟಿದವರು. ಅವರು ಮಾಡಿದ ದೊಡ್ಡ ಉಪಕಾರವೆಂದರೆ ಕಾವ್ಯದ ಪದಗಳ ಪಕ್ಕದಲ್ಲೇ ಜನರ ಬಾಯಿಯ ಪದಗಳನ್ನೂ ಇಟ್ಟು, ತಮಿಳು, ತುಳು, ತೆಲುಗು, ಮಲಯಾಳಗಳ ಸೋದರ ಪದಗಳನ್ನೂ ಸೂಚಿಸಿದ್ದು. ಆಲಿಕಲ್ಲು, ಇಬ್ಬನಿ, ಮಂಜು ಮುಂತಾದ ಪದಗಳಿಗೆ ಪಂಡಿತರ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕು ಹೀಗೆ ಸಿಕ್ಕಿತು.

ಹಡಗಿನಲ್ಲಿ ಬಂದ ಐಸು

ಇದೇ ಶತಮಾನದಲ್ಲಿ ಮಂಜುಗಡ್ಡೆ ವಸ್ತುವಾಗಿಯೂ ಭಾರತಕ್ಕೆ ಬಂತು. ಅಮೆರಿಕದ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮಂಜನ್ನು ಗರಗಸದಿಂದ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿಗೆ ತುಂಬಿಸಿದ. 1833ರ ಮೇ ತಿಂಗಳಿನಲ್ಲಿ ಹೊರಟ ಸುಮಾರು 180 ಟನ್ ಮಂಜಿನಲ್ಲಿ 100 ಟನ್ನಿನಷ್ಟು ಕರಗದೆ ನಾಲ್ಕು ತಿಂಗಳ ಬಳಿಕ ಕಲ್ಕತ್ತೆ ತಲುಪಿತು. ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಇದಕ್ಕೆಂದೇ ಒಂದು ಕಟ್ಟಡ ಎದ್ದಿತು. 'ಐಸ್ ಹೌಸ್' ಎಂದು ಹೆಸರಾಗಿದ್ದ ಆ ಕಟ್ಟಡದಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಇಂದು ಅದು ಅವರ ಹೆಸರಿನ ಸ್ಮಾರಕ.

ಆಮೇಲೆ ಯಂತ್ರಗಳು ಬಂದವು. ಮಂಜು ತರಲು ಬಾಸ್ಟನ್ನಿಗೆ ಹೋಗುವ ಅಗತ್ಯ ತಪ್ಪಿತು. ನಮ್ಮ ಬಂದರಿನಲ್ಲಿ ಮೀನಿನ ಬುಟ್ಟಿಗೆ ಪುಡಿಮಾಡಿ ಹಾಕುವುದು ಐಸು, ಶಾಲೆಯ ಗೇಟಿನಾಚೆ ಸೈಕಲಿನಲ್ಲಿ ಬರುತ್ತಿದ್ದುದು ಐಸ್‌ಕ್ಯಾಂಡಿ. ಐಸ್‌ಕ್ರೀಮು ಎಂದರೆ ಮಂಗಳೂರು ಎನ್ನುವಷ್ಟು ಈ ಊರಿಗೆ ಹೆಸರು ಬಂದಿದೆ. ಗಮನಿಸಿ ನೋಡಿ, ಇಲ್ಲಿ ಭಾಷೆ ತಾನಾಗಿ ಒಂದು ಹಂಚಿಕೆ ಮಾಡಿಕೊಂಡಿತು. ಅಂಗಡಿಯಲ್ಲಿ ಸಿಗುವುದು ಐಸು, ಪ್ರಕೃತಿಯಲ್ಲಿರುವುದು ಮಂಜುಗಡ್ಡೆ. ಮೀನಿಗೆ ಮಂಜುಗಡ್ಡೆ ಹಾಕು ಎಂದು ಬಂದರಿನಲ್ಲಿ ಯಾರೂ ಹೇಳುವುದಿಲ್ಲ. ಧ್ರುವಪ್ರದೇಶದಲ್ಲಿ ಐಸು ಇದೆ ಎಂದು ಪಾಠಪುಸ್ತಕ ಬರೆಯುವುದಿಲ್ಲ. ಯಾವ ಸಮಿತಿಯೂ ಸೇರಿ ನಿರ್ಧರಿಸದೆ ಆದ ಹಂಚಿಕೆ ಇದು.

ವಿಜ್ಞಾನವನ್ನು ಕನ್ನಡದಲ್ಲಿ ಬರೆದವರು

ಸಮಿತಿಗಳ, ಲೇಖಕರ ಕೆಲಸ ಇಪ್ಪತ್ತನೆಯ ಶತಮಾನದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಆರಂಭಿಸಿದರು. ಅದು ಬದುಕಿದ್ದು ಎರಡೇ ವರ್ಷ. ಆದರೆ ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಬರೆಯಬಹುದು ಎಂದು ತೋರಿಸಿತು. ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ, ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬರೇ ಬರೆದರು. ವಿಶ್ವಕೋಶವೆಂದರೆ ಹತ್ತಾರು ಪಂಡಿತರು ಸೇರಿ ಮಾಡುವ ಕೆಲಸ ಎಂಬ ಕಾಲದಲ್ಲಿ ಇದು ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಲೇಖನಗಳ ಹಿಂದೆ ಮಡಿಕೇರಿಯ ಜಿ.ಟಿ. ನಾರಾಯಣ ರಾಯರ ದುಡಿಮೆ ಇದೆ. 1970ರ ದಶಕದ ಕೊನೆಯಲ್ಲಿ ಆರಂಭವಾದ 'ಬಾಲವಿಜ್ಞಾನ' ಮಾಸಪತ್ರಿಕೆಯ ಸಂಪಾದಕರಾಗಿ ನಮ್ಮ ಜಿಲ್ಲೆಯವರೇ ಆದ ಅಡ್ಯನಡ್ಕ ಕೃಷ್ಣ ಭಟ್ಟರು ಕೆಲಸ ಮಾಡಿದರು. ನನ್ನಂಥ ಕನ್ನಡ ಮಾಧ್ಯಮದ ಅನೇಕರು ಶಾಲೆಯ ಗ್ರಂಥಾಲಯದಲ್ಲಿ ಓದಿದ ಮೊದಲ ವಿಜ್ಞಾನ ಪತ್ರಿಕೆ ಅದು.

ಇವರೆಲ್ಲರ ಮುಂದೆ ಇದ್ದದ್ದು ಮೂರು ದಾರಿ. ಒಂದು, ಮನೆಯ ಪದಗಳನ್ನೇ ಜೋಡಿಸುವುದು: ಮಂಜುಗಡ್ಡೆ, ನೀರ್ಗಲ್ಲು. ಎರಡು, ಸಂಸ್ಕೃತದಿಂದ ಕಟ್ಟುವುದು: ಹಿಮನದಿ, ಹಿಮಪಾತ, ಹಿಮಯುಗ. ಮೂರು, ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯುವುದು: ಗ್ಲೇಸಿಯರ್, ಐಸ್‌ಬರ್ಗ್. ನನಗೆ 'ನೀರ್ಗಲ್ಲು' ಬಹಳ ಇಷ್ಟವಾದ ಪದ. ಆಲಿಕಲ್ಲಿನ ನೆಂಟ ಅದು. ಪದವನ್ನು ಬಿಡಿಸಿದರೆ ವಸ್ತು ಕಣ್ಣಿಗೆ ಕಾಣುತ್ತದೆ. 'ಹಿಮನದಿ' ಕೇಳಲು ಚೆಂದ, ಆದರೆ ಸ್ವಲ್ಪ ಮೋಸ ಮಾಡುತ್ತದೆ. ಮಂಜು ತೇಲುವ ಒಂದು ಹೊಳೆ ಎಂದು ಮಕ್ಕಳು ತಿಳಿಯುತ್ತಾರೆ. ಅದು ನಿಜವಾಗಿ ನೂರಾರು ವರ್ಷಗಳ ಹಿಮ ತನ್ನ ಭಾರದಿಂದಲೇ ಒತ್ತಿಹೋಗಿ ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಜಾರಿನಲ್ಲಿ ಸರಿಯುವ ಘನವಸ್ತು. ಗಂಗೆ ಹುಟ್ಟುವ ಗೋಮುಖ ಎಂದರೆ ಅಂಥ ಒಂದು ಹಿಮನದಿಯ ಮೂತಿ.

ಊರಿನವರ ಪದವೇ ವಿಜ್ಞಾನದ ಪದ

ವೈಜ್ಞಾನಿಕ ಪದವೆಂದರೆ ಗ್ರೀಕ್, ಲ್ಯಾಟಿನ್ ಅಥವಾ ಸಂಸ್ಕೃತದಿಂದಲೇ ಬರಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಿಮದ ವಿಜ್ಞಾನವನ್ನು ನೋಡಿದರೆ ಅದು ಸುಳ್ಳು ಎಂದು ಗೊತ್ತಾಗುತ್ತದೆ. ಹಿಮನದಿ ತಳ್ಳಿಕೊಂಡು ಬಂದು ಗುಡ್ಡೆ ಹಾಕುವ ಕಲ್ಲುಮಣ್ಣಿಗೆ 'ಮೊರೇನ್' ಎನ್ನುತ್ತಾರೆ. ಅದು ಆಲ್ಪ್ಸ್ ಪರ್ವತದ ಸವಾಯ್ ಸೀಮೆಯ ಹಳ್ಳಿಗರ ಮಾತು. ಒಂದು ಬೇಸಿಗೆ ಕಳೆದರೂ ಕರಗದೆ ಉಳಿದ ಹಿಮಕ್ಕೆ 'ಫಿರ್ನ್'. ಅದು ಜರ್ಮನ್ ಆಡುನುಡಿಯ ಪದ, ಅರ್ಥ 'ಕಳೆದ ವರ್ಷದ್ದು'. ಹಿಮನದಿಯಲ್ಲಿ ಗೋಪುರದಂತೆ ಎದ್ದು ನಿಲ್ಲುವ ಮಂಜಿನ ಬಂಡೆಗೆ 'ಸೆರಾಕ್'. ಅದು ಆ ಸೀಮೆಯ ಒಂದು ಬಿಳಿ ಚೀಸಿನ ಹೆಸರು. ಕಡಲಮಂಜಿನ ನಡುವೆ ಹೆಪ್ಪುಗಟ್ಟದೆ ಉಳಿದ ನೀರಿಗೆ 'ಪಾಲಿನ್ಯ', ಅದು ರಷ್ಯನ್. ಮಂಜಿನ ಹರವನ್ನು ಸೀಳಿ ತಲೆಯೆತ್ತಿದ ಕಲ್ಲಿನ ಶಿಖರಕ್ಕೆ 'ನುನಟಕ್', ಅದು ಗ್ರೀನ್‌ಲೆಂಡಿನ ಮೂಲನಿವಾಸಿಗಳದ್ದು. ಮೃದುವಾದ ಬಿಳಿ ಕಾಳಿನಂತೆ ಬೀಳುವ ಹಿಮಕ್ಕೆ 'ಗ್ರೌಪೆಲ್'. ತೌಡು ತೆಗೆದ ಧಾನ್ಯದ ಕಾಳಿಗೆ ಜರ್ಮನರು ಹೇಳುವ ಪದದಿಂದ ಅದು ಬಂತು. ನಮ್ಮ ಅಡಿಗೆಮನೆಯಲ್ಲಿ ಅದಕ್ಕೆ ಸಮವಾದದ್ದು ಸಾಬಕ್ಕಿ. ಗ್ರೌಪೆಲ್ಲನ್ನು ಸಾಬಕ್ಕಿ ಹಿಮ ಎಂದರೆ ಯಾವ ಮಗುವಿಗೂ ಚಿತ್ರ ಬಿಡಿಸಿ ತೋರಿಸಬೇಕಾಗಿಲ್ಲ.

ಅಂದರೆ ಯಾರು ಮಂಜಿನ ಜೊತೆ ಬದುಕಿದರೋ ಅವರ ಮಾತನ್ನೇ ವಿಜ್ಞಾನ ಎತ್ತಿಕೊಂಡು, ಅದಕ್ಕೆ ಖಚಿತವಾದ ಎಲ್ಲೆ ಹಾಕಿತು. ಆಲಿಕಲ್ಲಿನ ವಿಷಯದಲ್ಲೂ ಹಾಗೆಯೇ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ 5 ಮಿಲಿಮೀಟರ್ ಅಥವಾ ಹೆಚ್ಚು ಅಡ್ಡಳತೆಯದು ಮಾತ್ರ ಆಲಿಕಲ್ಲು. ಅದಕ್ಕಿಂತ ಸಣ್ಣದಕ್ಕೆ ಬೇರೆ ಹೆಸರು. ಪದ ರೈತನದು, ಅಳತೆ ವಿಜ್ಞಾನದ್ದು.

ಪದ ಸಡಿಲವಾದರೆ

ಇಷ್ಟೆಲ್ಲ ಸೂಕ್ಷ್ಮ ನಮಗೇಕೆ, ಇಲ್ಲಿ ಹಿಮವೇ ಬೀಳುವುದಿಲ್ಲವಲ್ಲ ಎಂದು ಕೇಳಬಹುದು. ಉತ್ತರವಾಗಿ ನಾಲ್ಕು ಸಂಗತಿ ಹೇಳುತ್ತೇನೆ.

ಮೊದಲನೆಯದು ಸಿಯಾಚಿನ್. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಮಂಜಿನ ಒಂದು ದೊಡ್ಡ ಗೋಡೆಯೇ ಕುಸಿದು ಬಿದ್ದು ಮದರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸೇರಿ ಮೂವರು ಕರ್ನಾಟಕದವರು. ಆರು ದಿನಗಳ ಬಳಿಕ ಹನುಮಂತಪ್ಪ ಜೀವಸಹಿತ ಸಿಕ್ಕಾಗ ನಾಡಿನ ಮನೆಮನೆಯಲ್ಲೂ ಪ್ರಾರ್ಥನೆ ನಡೆಯಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ದಿನಗಳಲ್ಲಿ ಕನ್ನಡದ ಸುದ್ದಿಗಳಲ್ಲಿ 'ಹಿಮಪಾತ' ಎಂಬ ಪದವೂ ಬಂತು, 'ಹಿಮಕುಸಿತ' ಎಂಬುದೂ ಬಂತು. ಹಿಮಪಾತ ಎಂದರೆ ಮೃದುವಾಗಿ ಹಿಮ ಬೀಳುವುದೂ ಹೌದು. ಶಿಮ್ಲಾದಲ್ಲಿ ಪ್ರವಾಸಿಗರು ಕೈಚಾಚಿ ಹಿಡಿಯುವುದಕ್ಕೂ, ಬಂಡೆಯಷ್ಟು ಗಟ್ಟಿಯಾಗಿ ಯೋಧರನ್ನು ಮುಚ್ಚಿ, ರಕ್ಷಣಾ ತಂಡದವರು ಗರಗಸ, ಕೊರೆಯುವ ಯಂತ್ರಗಳಿಂದ ಕತ್ತರಿಸಬೇಕಾದದ್ದಕ್ಕೂ ಒಂದೇ ಹೆಸರಾದರೆ ಬೆಟದೂರಿನಂಥ ಊರಿನಲ್ಲಿ ರೇಡಿಯೋ ಕೇಳುವ ತಾಯಿಗೆ ಏನು ನಡೆದಿದೆ ಎಂಬುದು ತಿಳಿಯುವುದು ಹೇಗೆ? ಬೀಳುವುದಕ್ಕೆ ಹಿಮಪಾತ, ಕುಸಿಯುವುದಕ್ಕೆ ಹಿಮಕುಸಿತ ಎಂದು ಬೇರ್ಪಡಿಸುವುದು ಆ ತಾಯಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.

ಎರಡನೆಯದು ಉತ್ತರಾಖಂಡದ ಚಮೋಲಿ. 2021ರ ಫೆಬ್ರವರಿ 7ರಂದು ಅಲ್ಲಿ ಹಠಾತ್ತಾಗಿ ಬಂದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಮೊದಲ ದಿನ 'ಹಿಮನದಿ ಸ್ಫೋಟ' ಎಂಬ ಸುದ್ದಿ ಹಬ್ಬಿತು. ವಿಜ್ಞಾನಿಗಳು ಉಪಗ್ರಹ ಚಿತ್ರಗಳನ್ನು ನೋಡಿ ಹೇಳಿದ್ದೇ ಬೇರೆ. ರೋಂಟಿ ಶಿಖರದಿಂದ ಸುಮಾರು 2 ಕೋಟಿ 70 ಲಕ್ಷ ಘನಮೀಟರ್ ಬಂಡೆ ಮತ್ತು ಮಂಜು ಒಟ್ಟಿಗೆ ಕಳಚಿ ಬಿದ್ದಿತ್ತು. ಹಿಮನದಿ ಬಾಂಬಿನಂತೆ ಸಿಡಿಯುವುದಿಲ್ಲ. ಒಡೆಯುವುದು ಹಿಮನದಿಯ ಬುಡದಲ್ಲಿ ಮೊರೇನಿನ ಕಟ್ಟೆಯ ಹಿಂದೆ ನಿಂತ ಸರೋವರ. 2013ರ ಜೂನಿನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಸರೋವರವೂ, 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಸರೋವರವೂ ಒಡೆದದ್ದು ಹಾಗೆ. ಮೊದಲನೆಯದನ್ನು ತಡೆಯಲು ಬಹುಮಟ್ಟಿಗೆ ಆಗದು. ಎರಡನೆಯದರಲ್ಲಿ ಸರೋವರದ ಮೇಲೆ ಕಣ್ಣಿಟ್ಟು, ನೀರು ಹೊರಬಿಟ್ಟು, ಕೆಳಗಿನವರಿಗೆ ಮುನ್ನೆಚ್ಚರಿಕೆ ಕೊಡಲು ಸಾಧ್ಯವಿದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಯಾವುದಕ್ಕೆ ಯಾರು ಹೊಣೆ ಎಂದು ಕೇಳುವುದೇ ಕಷ್ಟ.

ಮೂರನೆಯದು ನಮ್ಮ ರೈತರದ್ದು. ವಿಪತ್ತು ಪರಿಹಾರ ನಿಧಿಯಿಂದ ನೆರವು ಸಿಗುವ 12 ವಿಪತ್ತುಗಳನ್ನು ಕೇಂದ್ರ ಸರಕಾರ ಪಟ್ಟಿ ಮಾಡಿದೆ. ಅದರಲ್ಲಿ ಆಲಿಕಲ್ಲು ಮಳೆ ಒಂದು, ಹಿಮಕುಸಿತ ಮತ್ತೊಂದು, ತುಷಾರ ಹಾಗೂ ಶೀತ ಅಲೆ ಇನ್ನೊಂದು. ಫಸಲ್ ಬಿಮಾ ಯೋಜನೆಯಲ್ಲೂ ಆಲಿಕಲ್ಲಿನ ಹಾನಿ ಸ್ಥಳೀಯ ವಿಪತ್ತು. ಇಡೀ ಊರಿನ ಸರಾಸರಿ ನೋಡದೆ ಆಯಾ ಹೊಲವನ್ನೇ ಪರಿಶೀಲಿಸುತ್ತಾರೆ, ಆದರೆ ರೈತ 72 ಗಂಟೆಯೊಳಗೆ ತಿಳಿಸಬೇಕು. 'ಜೋರು ಗಾಳಿಮಳೆಗೆ ದ್ರಾಕ್ಷಿ ಹೋಯಿತು' ಎಂದು ಬರೆಸುವುದಕ್ಕೂ 'ಆಲಿಕಲ್ಲು ಬಿದ್ದು ಹೋಯಿತು' ಎಂದು ಬರೆಸುವುದಕ್ಕೂ ಕಡತದಲ್ಲಿ ಬಹಳ ಅಂತರವಿದೆ.

ಇದರಲ್ಲಿ ತುಷಾರದ ವಿಷಯ ಸ್ವಲ್ಪ ವಿವರಿಸಬೇಕು. ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರು ಬದುಕುವ ನೀಲಗಿರಿಯಲ್ಲಿ ಡಿಸೆಂಬರ್–ಜನವರಿಯ ತಿಳಿಯಾದ ರಾತ್ರಿಗಳಲ್ಲಿ ಹುಲ್ಲು, ಚಹಾ ಗಿಡಗಳ ಮೇಲೆ ಬಿಳಿಯ ಪುಡಿ ಕೂಡುತ್ತದೆ; ಎಲೆ ಸುಟ್ಟಂತೆ ಕರಕಾಗುತ್ತದೆ. ಅದು ಮೇಲಿನಿಂದ ಬಿದ್ದ ಹಿಮ ಅಲ್ಲ. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸೊನ್ನೆಗಿಂತ ತಣ್ಣಗಾದಾಗ ಗಾಳಿಯ ಆವಿ ನೀರಾಗದೆ ನೇರವಾಗಿ ಹರಳಾಗುತ್ತದೆ. ಆಳೆತ್ತರದಲ್ಲಿಟ್ಟ ಉಷ್ಣತಾಮಾಪಕ ಆಗಲೂ ಎರಡು ಮೂರು ಡಿಗ್ರಿ ತೋರಿಸುತ್ತಿರಬಹುದು. ಹೆಪ್ಪುಗಟ್ಟಿದ ಇಬ್ಬನಿ ಎಂದರೂ ಅದು ಪೂರ್ತಿ ಸರಿಯಲ್ಲ, ಹಿಮ ಎಂದರಂತೂ ತಪ್ಪು. ಸಂಸ್ಕೃತದ ಏಳು ಹೆಸರುಗಳಲ್ಲಿ ತುಷಾರವನ್ನು ಇದಕ್ಕೇ ಮೀಸಲಿಟ್ಟರೆ ಒಳ್ಳೆಯದು.

'ಶೀತಗಾಳಿ' ಎಂದು ಪತ್ರಿಕೆಗಳು ಬರೆಯುವ ಪದಕ್ಕೂ ಗಾಳಿಗೂ ಅಂಥ ಸಂಬಂಧವಿಲ್ಲ. ಕನಿಷ್ಠ ಉಷ್ಣತೆ ವಾಡಿಕೆಗಿಂತ ಎಷ್ಟು ಇಳಿದಿದೆ ಎಂಬುದೇ ಅಲ್ಲಿ ಲೆಕ್ಕ. ಎಲೆ ಅಲುಗದ ರಾತ್ರಿಯಲ್ಲೂ ಅದು ಇರುತ್ತದೆ. ಬಯಲಿನಲ್ಲಿ ಉಷ್ಣತೆ 10 ಡಿಗ್ರಿಗೆ ಇಳಿಯಬೇಕೆಂಬ ನಿಯಮವಿದ್ದರೆ, ನಮ್ಮಂಥ ಕರಾವಳಿಗೆ ಹವಾಮಾನ ಇಲಾಖೆ 15 ಡಿಗ್ರಿಯ ಮಿತಿ ಇಟ್ಟಿದೆ, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆ ಇರಬೇಕು. ಚಳಿಯೂ ಊರಿನ ಅಭ್ಯಾಸವನ್ನು ನೋಡಿಯೇ ಅಳೆಯಬೇಕಾದ್ದು ಎಂದು ಆ ನಿಯಮ ಒಪ್ಪಿಕೊಂಡಂತಾಯಿತು.

ನಾಲ್ಕನೆಯದು ಕಡಲು. ಮಣ್ಣಗುಡ್ಡದಿಂದ ಅರಬ್ಬೀ ಸಮುದ್ರ ದೂರವಿಲ್ಲ. 'ಧ್ರುವದ ಮಂಜು ಕರಗಿ ಕಡಲು ಉಕ್ಕುತ್ತದೆ' ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಯಾವ ಮಂಜು ಎಂಬುದೇ ಮುಖ್ಯ ಪ್ರಶ್ನೆ. ಲೋಟದ ನೀರಿನಲ್ಲಿ ತೇಲುವ ಐಸು ಕರಗಿದರೆ ನೀರಿನ ಮಟ್ಟ ಏರುವುದಿಲ್ಲ. ಹಾಗೆಯೇ ಕಡಲಿನಲ್ಲಿ ತೇಲುವ ಮಂಜು ಕರಗಿದರೆ ಮಟ್ಟ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನೆಲದ ಮೇಲೆ ಕುಳಿತ ಮಂಜು ಕರಗಿ ಹರಿದರೆ ಕಡಲು ಏರುತ್ತದೆ. ಕನ್ನಡದಲ್ಲಿ ಎರಡನ್ನೂ ಮಂಜುಗಡ್ಡೆ ಎನ್ನುತ್ತೇವೆ. 'ಕಡಲಮಂಜು', 'ನೆಲಮಂಜು' ಎಂದರೆ ಎಂಟನೆಯ ತರಗತಿಯ ಮಗುವಿಗೂ ವ್ಯತ್ಯಾಸ ಹೊಳೆಯುತ್ತದೆ. ಭಾರತ ಅಂಟಾರ್ಕ್ಟಿಕದಲ್ಲಿ ಕಟ್ಟಿದ ಮೊದಲ ನೆಲೆ 'ದಕ್ಷಿಣ ಗಂಗೋತ್ರಿ' ಇದ್ದದ್ದು ಭೂಖಂಡದಿಂದ ಕಡಲ ಮೇಲಕ್ಕೆ ಚಾಚಿದ ಮಂಜಿನ ಹಾಸಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ಹಿಮದಲ್ಲಿ ಹೂತುಹೋಯಿತು. 1989ರ 'ಮೈತ್ರಿ'ಯನ್ನು ಬಂಡೆಯ ನೆಲದ ಮೇಲೆ ಕಟ್ಟಿದ ಕಾರಣ ಅದು ಇಂದಿಗೂ ನಿಂತಿದೆ.

ಸಂಖ್ಯೆಗೆ ಪದ

ತಂತ್ರಾಂಶ ಬರೆಯುವ ನನ್ನ ಕಸುಬಿನ ಒಂದು ಮಾತು ಹೇಳಿ ಮುಗಿಸುತ್ತೇನೆ. ಜಗತ್ತಿನ ಹವಾಮಾನ ಕೇಂದ್ರಗಳು ಆ ಹೊತ್ತಿನ ಹವೆಯನ್ನು 00ರಿಂದ 99ರವರೆಗಿನ ಸಂಖ್ಯೆಗಳಲ್ಲಿ ಪರಸ್ಪರ ತಿಳಿಸುವ ಪದ್ಧತಿ ಇದೆ. 45 ಎಂದರೆ ಒಂದು ಬಗೆಯ ದಟ್ಟ ಮಂಜು, 48 ಎಂದರೆ ತಗುಲಿದಲ್ಲೇ ಹೆಪ್ಪುಗಟ್ಟಿ ಅಂಟುವ ಮಂಜು, 66 ಎಂದರೆ ನೆಲ ಮುಟ್ಟಿದ ಕೂಡಲೇ ಮಂಜಾಗುವ ತೆಳು ಮಳೆ, 99 ಎಂದರೆ ಆಲಿಕಲ್ಲಿನೊಡನೆ ಬರುವ ಭಾರೀ ಗುಡುಗುಮಳೆ. ಫೋನಿನಲ್ಲಿ ಕನ್ನಡದ ಹವಾಮಾನ ವರದಿ ಕಾಣಬೇಕಾದರೆ ಈ ಒಂದೊಂದು ಸಂಖ್ಯೆಗೂ ಒಂದೊಂದು ಕನ್ನಡ ಮಾತು ಬೇಕು. ಎರಡು ಸಂಖ್ಯೆಗೆ ಒಂದೇ ಮಾತು ಹಾಕಿದರೆ ಯಂತ್ರ ತಕರಾರು ಮಾಡುವುದಿಲ್ಲ; ಓದುವವನಿಗೆ ತಿಳಿಯಬೇಕಾದ್ದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ನಮ್ಮ ಶಾಲೆಯ ಎಷ್ಟು ಹಳೆ ವಿದ್ಯಾರ್ಥಿಗಳು ಇಂದು ಕೆನಡಾದಲ್ಲಿ, ಜರ್ಮನಿಯಲ್ಲಿ, ಸೇನೆಯಲ್ಲಿ ನಿಜವಾದ ಹಿಮದ ನಡುವೆ ಇದ್ದಾರೆ! ಅಲ್ಲಿಂದ ಮನೆಗೆ ಫೋನು ಮಾಡಿ ಅಮ್ಮನಿಗೆ ಅವರು ಹವೆಯನ್ನು ಹೇಗೆ ವಿವರಿಸುತ್ತಾರೋ ಆ ಮಾತುಗಳೇ ನಾಳಿನ ಪದಕೋಶ.

ಹಾಗಾಗಿ ಒಂದು ಕೋರಿಕೆ. ಶಾಲೆಯ ವಿಜ್ಞಾನ ಸಂಘದ ಮಕ್ಕಳು ಈ ವರ್ಷ ಒಂದು ನೋಟುಪುಸ್ತಕ ಇಡಲಿ. ಇಬ್ಬನಿ, ಮಂಜು, ಚಳಿ, ಆಲಿಕಲ್ಲು ಇವಕ್ಕೆ ತಮ್ಮ ಮನೆಯ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತುಗಳಲ್ಲಿ ಏನೇನು ಹೇಳುತ್ತಾರೆ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಲಿ. ಹೊರನಾಡಿನಲ್ಲಿರುವ ಹಳೆ ವಿದ್ಯಾರ್ಥಿಗಳು ತಾವು ಕಂಡ ಒಂದೊಂದು ಬಗೆಯ ಹಿಮವನ್ನು ಕನ್ನಡದಲ್ಲಿ ಎರಡು ಸಾಲು ವಿವರಿಸಿ ಶಾಲೆಗೆ ಕಳುಹಿಸಲಿ. ಬಲ್ಮಠದ ಅಚ್ಚುಮನೆಯಿಂದ ಒಂದು ನಿಘಂಟು ಹೊರಟ ಊರು ಇದು. ಅದರ ಮುಂದಿನ ಕೆಲವು ಪುಟಗಳು ಮಣ್ಣಗುಡ್ಡದ ಒಂದು ಸರಕಾರಿ ಪ್ರೌಢಶಾಲೆಯಿಂದ ಬರಲಾರವು ಎನ್ನಲು ಯಾವ ಕಾರಣವೂ ನನಗೆ ಕಾಣುವುದಿಲ್ಲ.